ಬಂಡೆಗೂ ಒಂದು ಹೆಸರಿದೆ ಸ್ವಾಮಿ

ಕಳೆದ ಭಾನುವಾರ ಬೆಳಿಗ್ಗೆ ಏಳರ ಸುಮಾರು. ರಾಮನಗರ ಬಸ್ ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯಲ್ಲಿ ಬನ್ನು ಅದ್ದಿಕೊಂಡು ನಿಂತಿದ್ದೆ. ಬೆಂಗಳೂರಿನ ಬಸ್ಸಿನಿಂದ ನಾಲ್ವರು ಹುಡುಗರು, ಒಬ್ಬಳು ಹುಡುಗಿ ಇಳಿದರು. ಬೆನ್ನ ಮೇಲೆ ಚೀಲ, ಚೀಲದ ಮೇಲೆ ಸುತ್ತಿದ ಹಗ್ಗ, ಸೊಂಟಕ್ಕೆ ಎಲೆಯಡಿಕೆ ಸಂಚಿಯಂಥ ಪುಟ್ಟದೊಂದು ಚೀಲ.

"ಬಾವಿ ಕೆಲಸಕ್ಕೆ ಬಂದೋರಾ ಸಾರ್?" ಅಂತ ಅಂಗಡಿಯವರು ಮೆಲ್ಲಗೆ ಕೇಳಿದರು.

ಬಂಡೆ ಹತ್ತೋರು ಅಂದೆ.

"ಯಾಕೆ, ಮೆಟ್ಟಿಲು ಇದೆಯಲ್ಲ!"

ಅಷ್ಟರಲ್ಲಿ ಒಬ್ಬ ಹುಡುಗ ಟೀ ಲೋಟ ಹಿಡಿದು, ದೂರದಲ್ಲಿ ಕಾಣುತ್ತಿದ್ದ ಒಂದು ಬೋಳು ಬಂಡೆ ತೋರಿಸಿ, "ಅಣ್ಣ, ಅದರ ಹೆಸರೇನು?" ಅಂದ. ನಮ್ಮ ಅಂಗಡಿಯವರು ನಕ್ಕರು. "ಬಂಡೆಗೇನಪ್ಪಾ ಹೆಸರು? ಬಂಡೆ ಅಂದ್ರೆ ಬಂಡೆ." ಹುಡುಗ ಏನೂ ಹೇಳಲಿಲ್ಲ. ಜೇಬಿನಿಂದ ಪುಸ್ತಕ ತೆಗೆದು ಏನೋ ಗೀಚಿಕೊಂಡ. ಬಹುಶಃ ಆ ಹೊತ್ತಿನಲ್ಲೇ ಅವನೇ ಒಂದು ಹೆಸರು ಇಟ್ಟುಬಿಟ್ಟನೋ ಏನೋ.

ಇಟ್ಟಿದ್ದರೆ ತಪ್ಪಿಲ್ಲ. ಅದು ಅವರ ಜಾತಿಯ ಪದ್ಧತಿ. ಮೊದಲು ಹತ್ತಿದವನಿಗೆ ಆ ದಾರಿಗೆ ಹೆಸರಿಡುವ ಹಕ್ಕು. ಪ್ರಪಂಚದಲ್ಲೆಲ್ಲ ಬಂಡೆ ಹತ್ತುವವರು ಇದನ್ನು ಪಾಲಿಸುತ್ತಾರೆ. ನಮ್ಮ ಮಾಗಡಿಯ ಸಾವನದುರ್ಗದ ಬಂಡೆ ಮೇಲೆ ಇವರು ಮಾಡಿಕೊಂಡ ಒಂದು ದಾರಿಗೆ 'ಬೆಳದಿಂಗಳು' ಅಂತ ಹೆಸರು, ಇನ್ನೊಂದಕ್ಕೆ 'ದೀಪಾವಳಿ'. ಬಾದಾಮಿಯಲ್ಲಿ 'ಗಣೇಶ' ಅಂತ ಒಂದು ಬಲು ಕಷ್ಟದ ದಾರಿಯಿದೆ. ಬಸ್ಸಿನ ಬೋರ್ಡಿನಲ್ಲಿ ಇಲ್ಲದ ಊರುಗಳು ಇವು. ಆದರೆ ಫ್ರಾನ್ಸಿನಲ್ಲೋ ಆಸ್ಟ್ರೇಲಿಯಾದಲ್ಲೋ ಕೂತವನಿಗೂ ಹೆಸರು ಗೊತ್ತಿರುತ್ತದೆ.

ಈ ಮಂದಿಯ ಪುರಾಣ ಸ್ವಲ್ಪ ಕೇಳಿ, ಮಜವಾಗಿದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಯೊಸೆಮಿಟಿ ಅಂತ ಒಂದು ಕಣಿವೆ. ಅಲ್ಲಿ ಎಲ್ ಕ್ಯಾಪಿಟನ್ ಎಂಬ ಒಂದೇ ಬಂಡೆ, ಗೋಡೆಯ ಹಾಗೆ ಸುಮಾರು 3,000 ಅಡಿ ನೆಟ್ಟಗೆ ನಿಂತಿದೆ. ವಾರೆನ್ ಹಾರ್ಡಿಂಗ್ ಎಂಬಾತ 1957ರಲ್ಲಿ ಸ್ನೇಹಿತರ ಜೊತೆ ಹತ್ತಲು ಶುರುಮಾಡಿದ. ನಡುವೆ ಅಗಲವಾದ ಬಿರುಕು ಸಿಕ್ಕಿತು. ಅದಕ್ಕೆ ಹೊಡೆಯುವಷ್ಟು ದಪ್ಪದ ಮೊಳೆ ಆಗ ಯಾವ ಅಂಗಡಿಯಲ್ಲೂ ಇರಲಿಲ್ಲ. ಏನು ಮಾಡಿದರು ಗೊತ್ತೇ? ಗುಜರಿಗೆ ಎಸೆದಿದ್ದ ಹಳೇ ಅಡುಗೆ ಒಲೆಗಳ ಕಬ್ಬಿಣದ ಕಾಲು ಕಿತ್ತು ತಂದು ಬಿರುಕಿಗೆ ಹೊಡೆದು ನೇತಾಡಿದರು! ಇಂದಿಗೂ ಆ ಜಾಗದ ಹೆಸರು 'ಒಲೆಗಾಲಿನ ಬಿರುಕು' ಅಂತಲೇ. ಇವರನ್ನು ನೋಡಲು ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತು, ಪ್ರವಾಸಿಗರ ಕಾಲದಲ್ಲಿ ಹತ್ತಬೇಡಿ ಅಂತ ಪಾರ್ಕಿನ ಅಧಿಕಾರಿಗಳು ಹೇಳಬೇಕಾಯಿತು. ಬಿಟ್ಟು ಬಿಟ್ಟು ಹತ್ತಿ, ಒಟ್ಟು 45 ದಿನದ ದುಡಿಮೆಯ ಮೇಲೆ 1958ರ ನವೆಂಬರ್ 12ರಂದು ತುದಿ ಮುಟ್ಟಿದರು. 2017ರಲ್ಲಿ ಅಲೆಕ್ಸ್ ಹೊನಾಲ್ಡ್ ಎಂಬ ಹುಡುಗ ಅದೇ ಬಂಡೆಯನ್ನು ಬೇರೊಂದು ದಾರಿಯಲ್ಲಿ, ಹಗ್ಗವೇ ಇಲ್ಲದೆ, ನಾಲ್ಕು ಗಂಟೆಯೊಳಗೆ ಹತ್ತಿಬಿಟ್ಟ. ಅದಕ್ಕೆ ಏನನ್ನಬೇಕೋ ನನಗೆ ತಿಳಿಯದು. ಹೆತ್ತವರ ಕಷ್ಟ ನೆನೆದರೆ ಹೊಗಳಲು ಬಾಯಿ ಬಾರದು.

ಸೊಂಟದ ಆ ಪುಟ್ಟ ಚೀಲದಲ್ಲಿ ಎಲೆಯಡಿಕೆ ಇಲ್ಲ, ಬಿಳಿ ಪುಡಿ ಇದೆ. ಕೈ ಬೆವರದ ಹಾಗೆ ಉಜ್ಜಿಕೊಳ್ಳುವ ಮೆಗ್ನೀಷಿಯಂ ಕಾರ್ಬೊನೇಟ್. ಇದನ್ನು ಬಂಡೆಗೆ ತಂದವನು ಜಾನ್ ಗಿಲ್ ಎಂಬ ಗಣಿತದ ಮೇಷ್ಟ್ರು. 1950ರ ದಶಕದಲ್ಲಿ ಗರಡಿಯ ಕಸರತ್ತಿನವರು ಕೈಗೆ ಹಚ್ಚುವುದನ್ನು ನೋಡಿ ಕಲಿತದ್ದು. ಗಣಿತದ ಮೇಷ್ಟ್ರಿಗೆ ಸೀಮೆಸುಣ್ಣ ಬಿಟ್ಟರೆ ಬೇರೇನು ಹೊಳೆದೀತು ಅಂತ ಪಿಯುಸಿಗೇ ಕೈಮುಗಿದು ಬಂದ ನನ್ನಂಥವನು ಕೇಳಬಾರದು.

ಜರ್ಮನಿಯ ಎಲ್ಬೆ ನದಿಯ ಬಳಿ ಇರುವವರದು ಇನ್ನೊಂದು ಮಡಿ. ಅಲ್ಲಿಯದು ಮೆತ್ತನೆಯ ಮರಳುಗಲ್ಲು. ಕಲ್ಲಿನ ಬಿರುಕಿಗೆ ಕಬ್ಬಿಣ ತುರುಕುವಂತಿಲ್ಲ, ಬಿಳಿ ಪುಡಿ ಹಚ್ಚುವಂತಿಲ್ಲ. ಹಗ್ಗದಲ್ಲಿ ಗಂಟು ಹಾಕಿ ಆ ಗಂಟನ್ನೇ ಬಿರುಕಿಗೆ ಸಿಕ್ಕಿಸಿ, ಅದನ್ನೇ ನಂಬಿ ಹತ್ತಬೇಕು. ಬಂಡೆಯ ತುದಿಯಲ್ಲಿ ಒಂದು ಡಬ್ಬಿ, ಅದರೊಳಗೆ ಒಂದು ಪುಸ್ತಕ. ಹತ್ತಿದವರು ತಾರೀಖು, ಹೆಸರು ಬರೆದು ಮತ್ತೆ ಮುಚ್ಚಿಡುತ್ತಾರೆ. ನಮ್ಮ ಅಂಗಡಿಗಳ ಲೆಕ್ಕದ ಪುಸ್ತಕದ ಹಾಗೆ. ನಮ್ಮ ಹುಡುಗರಾದರೋ ತಮ್ಮ ಹೆಸರನ್ನೂ ಹುಡುಗಿಯ ಹೆಸರನ್ನೂ ಬಂಡೆಯ ಮೈಮೇಲೇ ಆಯಿಲ್ ಪೇಂಟಿನಲ್ಲಿ ಬರೆದು ಬರುತ್ತಾರೆ!

ಇನ್ನೊಂದು ತಮಾಷೆ. ಒಂದು ಬಂಡೆಯನ್ನು ಎಲ್ಲಿ ಹಿಡಿದು ಎಲ್ಲಿ ಕಾಲಿಟ್ಟು ಹತ್ತಬೇಕು ಎನ್ನುವ ಗುಟ್ಟಿಗೆ ಇವರ ಭಾಷೆಯಲ್ಲಿ 'ಬೀಟಾ' ಅನ್ನುತ್ತಾರೆ. ನಾನು ಬಹಳ ದಿನ ಇದು ನಮ್ಮ 'ಬೆಟ್ಟ'ವೇ ಇರಬೇಕು ಅಂದುಕೊಂಡಿದ್ದೆ. ಅಲ್ಲವಂತೆ. ಒಂದು ಕಾಲದಲ್ಲಿ ಸೋನಿ ಕಂಪನಿಯ ಬೀಟಾಮ್ಯಾಕ್ಸ್ ವಿಡಿಯೋ ಕ್ಯಾಸೆಟ್ ಬರುತ್ತಿತ್ತಲ್ಲ, ಆ ಹೆಸರಿಂದ ಜ್ಯಾಕ್ ಮಿಲೆಸ್ಕಿ ಎಂಬ ಅಮೆರಿಕದವನು ಹುಟ್ಟಿಸಿದ ಮಾತಂತೆ. ಕ್ಯಾಸೆಟ್ ಸತ್ತು ಎಷ್ಟೋ ಕಾಲವಾಯಿತು, ಮಾತು ಬದುಕಿದೆ.

ನಮ್ಮ ಕಡೆಯೂ ಕಥೆ ಕಡಿಮೆಯೇ? ಕೋಟೆ ಹತ್ತಲು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಎಸೆಯುತ್ತಿದ್ದರು, ಅದು ಬಂಡೆ ಕಚ್ಚಿ ಹಿಡಿದ ಮೇಲೆ ಸೈನಿಕರು ಹತ್ತುತ್ತಿದ್ದರು ಅಂತ ಅಜ್ಜಂದಿರು ಹೇಳಿದ್ದನ್ನು ಕೇಳದವರಾರು? 1670ರಲ್ಲಿ ಶಿವಾಜಿಯ ಸರದಾರ ತಾನಾಜಿ ಸಿಂಹಗಡ ಹತ್ತಿದ್ದೂ ಹೀಗೇ ಅಂತ ಮರಾಠಿಗರು ಹಾಡು ಕಟ್ಟಿದ್ದಾರೆ, ಆ ಉಡಕ್ಕೆ ಯಶವಂತಿ ಅಂತ ಹೆಸರು ಬೇರೆ. ಉಡ ಒಬ್ಬ ಆಳಿನ ಭಾರ ತಡೆಯುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ 'ಉಡದ ಪಟ್ಟು' ಎಂಬ ಮಾತನ್ನು ಬಿಟ್ಟುಕೊಡಲೂ ತಯಾರಿಲ್ಲ. ಈಗಿನ ಕಾಲದಲ್ಲಿ ಚಿತ್ರದುರ್ಗದ ಕೋಟೆ ಗೋಡೆಯನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್, ಕೋತಿಗಳನ್ನು ನೋಡಿ ಕಲಿತೆ ಅಂದರು. ಜನ ಪ್ರೀತಿಯಿಂದ 'ಕೋತಿರಾಜ್' ಅಂತಲೇ ಕರೆದರು. ನೋಡಿ, ಹತ್ತುವವರ ಜಗತ್ತಿನಲ್ಲಿ ಹೆಸರಿಲ್ಲದೆ ಯಾವುದೂ ಇಲ್ಲ.

ಈಗ ನಮ್ಮೂರಿನ ವಿಷಯಕ್ಕೆ ಬರೋಣ. ಹೆಸರಿನ ವಿಷಯದಲ್ಲಿ ರಾಮನಗರದಷ್ಟು ಪೆಟ್ಟು ತಿಂದ ಊರು ಇನ್ನೊಂದಿರಲಿಕ್ಕಿಲ್ಲ. ಟಿಪ್ಪುವಿನ ಕಾಲಕ್ಕೆ ಶಂಸೇರಾಬಾದು. ಆಮೇಲೆ ಬ್ಯಾರಿ ಕ್ಲೋಸ್ ಎಂಬ ದೊರೆಯ ಹೆಸರಲ್ಲಿ ಕ್ಲೋಸ್‌ಪೇಟೆ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರಾಮನಗರ. 2007ರಲ್ಲಿ ಜಿಲ್ಲೆಯಾಯಿತು. 2025ರಲ್ಲಿ ಸರ್ಕಾರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಅಂತ ಬದಲಿಸಿತು. ಆದರೆ ಬಂಡೆಯನ್ನು ಕೇಳಿ! ಭೂವಿಜ್ಞಾನದ ಪುಸ್ತಕದಲ್ಲಿ ಇಂದಿಗೂ ಅದು 'ಕ್ಲೋಸ್‌ಪೇಟೆ ಗ್ರಾನೈಟ್'. ವಯಸ್ಸು ಸುಮಾರು 250 ಕೋಟಿ ವರ್ಷ, ಉದ್ದ ಸುಮಾರು 400 ಕಿಲೋಮೀಟರ್. ನಮ್ಮೂರ ಹಳೇ ಹೆಸರು ಊರಿನಲ್ಲಿ ಅಳಿಸಿಹೋಗಿ ಕಲ್ಲಿನಲ್ಲಿ ಉಳಿದಿದೆ.

ರಾಮದೇವರ ಬೆಟ್ಟಕ್ಕೆ ವನವಾಸದ ರಾಮನ ಕಥೆ ಇದೆ. 1973ರಲ್ಲಿ ಸಿಪ್ಪಿಯವರು ಬಂದು ಕ್ಯಾಮೆರಾ ಇಟ್ಟರು, 1975ರಲ್ಲಿ 'ಶೋಲೆ' ಬಂತು, ಅಂದಿನಿಂದ ಹೊರಗಿನವರಿಗೆ ಅದು ಶೋಲೆ ಬೆಟ್ಟ. ಗಬ್ಬರ್ ಸಿಂಗ್ ಕೂತ ಕಲ್ಲು ಯಾವುದು ಅಂತ ಕೇಳಿದರೆ ಆಟೋದವರು ಕಣ್ಣುಮುಚ್ಚಿಕೊಂಡು ಕರೆದೊಯ್ಯುತ್ತಾರೆ. ಊರಿನ ಸುತ್ತ ಏಳು ಬೆಟ್ಟ ಅಂತ ಹೇಳುತ್ತೇವಲ್ಲ, ಅದರಲ್ಲಿ ಎಷ್ಟು ಹೆಸರು ನಿಮಗೆ ಬರುತ್ತವೆ ಸ್ವಾಮಿ? ನಾನು ರೇಷ್ಮೆಗೂಡಿನ ಮಾರುಕಟ್ಟೆ ಮುಂದೆ ನಿಂತು ಹತ್ತು ಜನರನ್ನು ಕೇಳಿದೆ. ಒಬ್ಬರೂ ಏಳನ್ನೂ ಹೇಳಲಿಲ್ಲ. ಸಿಡಿಲಕಲ್ಲು ಎಂಬುದನ್ನು ಇಬ್ಬರು ಹೇಳಿದರು.

ಸಿಡಿಲು ಅಂದಾಗ ನೆನಪಾಯಿತು. ಯೊಸೆಮಿಟಿಯ ಹತ್ತುಗಾರರು ಡೇರೆ ಹಾಕುವ 'ಕ್ಯಾಂಪ್ 4' ಎಂಬ ಬಯಲಿನಲ್ಲಿ ಒಂದು ದೊಡ್ಡ ಗುಂಡುಕಲ್ಲಿದೆ. 1978ರಲ್ಲಿ ರಾನ್ ಕಾಕ್ ಎಂಬಾತ ಅದರ ಮೇಲೆ ಹತ್ತಿದ ದಾರಿಗೆ 'ನಡುರಾತ್ರಿಯ ಮಿಂಚು' ಅಂತ ಹೆಸರು. ಕಲ್ಲಿನ ಮೇಲೆ ಬಿಳಿ ಪುಡಿಯಲ್ಲಿ ಒಂದು ಮಿಂಚಿನ ಗೀಟು. ಪ್ರಪಂಚದ ಯಾವ ಗುಂಡುಕಲ್ಲಿಗೂ ಅಷ್ಟು ಖ್ಯಾತಿ ಇಲ್ಲ ಅನ್ನುತ್ತಾರೆ. 1997ರ ಜನವರಿಯಲ್ಲಿ ಅಲ್ಲಿ ದೊಡ್ಡ ಪ್ರವಾಹ ಬಂತು. ಆಮೇಲೆ ಪಾರ್ಕಿನವರು ಆ ಬಯಲಿನ ಪಕ್ಕದಲ್ಲೇ ನೌಕರರ ವಸತಿ ಕಟ್ಟಲು ಹೊರಟರು. ಟಾಮ್ ಫ್ರಾಸ್ಟ್ ಎಂಬ ಹಳೇ ಹತ್ತುಗಾರ ಮುಂದೆ ನಿಂತು ಕೋರ್ಟಿಗೆ ಹೋದ. ಧೂಳಿನ ಬಯಲು, ನಾಲ್ಕು ಕಲ್ಲು, ಅಷ್ಟೇ ತಾನೇ ಆಸ್ತಿ? ಆದರೆ ಯಾರು ಯಾವಾಗ ಏನು ಹತ್ತಿದರು ಎಂಬ ಕಥೆಯೆಲ್ಲ ಬರಹದಲ್ಲಿತ್ತು. ಕಟ್ಟಡ ನಿಂತಿತು. 2003ರಲ್ಲಿ ಆ ಬಯಲು ದೇಶದ ಐತಿಹಾಸಿಕ ಸ್ಥಳಗಳ ಪಟ್ಟಿಗೇ ಸೇರಿತು.

ಇದನ್ನು ಓದಿದ ದಿನ ನನಗೆ ನಮ್ಮಮ್ಮನ ಊರು ನೆನಪಾಯಿತು. ಊರಿನ ಹೆಸರು ಬೇಡ. ಊರ ಹಿಂದೆ ಸಾಲಾಗಿ ಬಂಡೆಗಳಿದ್ದವು. ಒಂದು ಕಡುಬಿನ ಗುಂಡು. ಹಬ್ಬದ ಕಡುಬಿನ ಥರವೇ. ಇನ್ನೊಂದು ಸೊಸೆ ಜಾರಿದ ಬಂಡೆ. ಸೊಸೆ ತಾನೇ ಜಾರಿದಳೋ, ಅತ್ತೆ ನೂಕಿದಳೋ ಎಂಬುದರಲ್ಲಿ ಊರು ಎರಡು ಪಕ್ಷ. ನಮ್ಮಜ್ಜಿ ಅತ್ತೆ ಪಕ್ಷ. ಕುರಿ ಕಾಯುವ ಒಬ್ಬ ತಾತ ಇದ್ದ, ಅವನಿಗೆ ಎಲ್ಲ ಕಲ್ಲಿನ ಹೆಸರೂ ಬಾಯಲ್ಲಿತ್ತು. ಯಾವ ಕಲ್ಲಿನ ಕೆಳಗೆ ನೀರು ನಿಲ್ಲುತ್ತೆ, ಯಾವುದರ ಸಂದಿನಲ್ಲಿ ಕರಡಿ ಮಲಗುತ್ತೆ, ಯಾವುದನ್ನು ಎಡಗಡೆಯಿಂದ ಮಾತ್ರ ಹತ್ತಬೇಕು, ಎಲ್ಲ. ಬೀಟಾಮ್ಯಾಕ್ಸ್ ಹುಟ್ಟುವುದಕ್ಕೂ ಮುಂಚಿನ ಬೀಟಾ.

ತಾತ ಹೋದ. ಸ್ವಲ್ಪ ವರ್ಷಕ್ಕೆ ಕಡುಬಿನ ಗುಂಡೂ ಹೋಯಿತು. ಕ್ರಷರ್ ಬಂತು, ಜಲ್ಲಿಯಾಯಿತು. ಊರವರು ಅರ್ಜಿ ಹಿಡಿದು ಕಚೇರಿಗೆ ಹೋಗಿದ್ದರು, ನಾನೂ ಜೊತೆಗಿದ್ದೆ. "ಯಾವ ಕಡುಬಿನ ಗುಂಡು?" ಅಂತ ಗುಮಾಸ್ತರು ದಾಖಲೆ ತಿರುವಿದರು. ಸರ್ವೆ ನಂಬರ್ ಇತ್ತು. ಎಕರೆ ಗುಂಟೆ ಇತ್ತು. ಬಂಡೆಯ ಎದುರಿಗೆ ಬರೆದದ್ದು ಒಂದೇ ಮಾತು: ಖರಾಬು. ಉಳುಮೆಗೆ ಬಾರದ್ದೆಲ್ಲ ಕಂದಾಯದವರಿಗೆ ಖರಾಬು. ಗುಮಾಸ್ತರು ಕೆಟ್ಟವರಲ್ಲ. "ಇಲ್ಲದ ಕಲ್ಲನ್ನ ಹೇಗ್ರೀ ಉಳಿಸೋದು?" ಅಂದರು. ಅವರ ಕಾಗದದಲ್ಲಿ ಅದು ನಿಜವಾಗಿ ಇರಲೇ ಇಲ್ಲ.

ಕಲ್ಲೇ ಒಡೆಯಬೇಡಿ ಅಂತ ನಾನು ಹೇಳಲಾರೆ. ನಮ್ಮ ಮನೆಯ ತಾರಸಿ, ನಿಮ್ಮ ಅಂಗಡಿಯ ಅಡಿಪಾಯ, ನಾವೆಲ್ಲ ಕುಲುಕುತ್ತಾ ಹೋಗುವ ಬೆಂಗಳೂರು ರಸ್ತೆ, ಎಲ್ಲದರಲ್ಲೂ ಜಲ್ಲಿ ಇದೆ. ನಮ್ಮ ತಾರಸಿಯೊಳಗೆ ಕಡುಬಿನ ಗುಂಡಿನ ಚೂರೂ ಇರಬಹುದು. ಆದರೆ ಒಡೆಯುವ ಮುಂಚೆ ಅದು ಏನೆಂದು ಒಂದು ಸಾಲು ಬರೆದಿಡಲು ಏನು ಕಷ್ಟ?

ಹತ್ತುವ ಹುಡುಗರ ಮೇಲೆ ದೂರೂ ಇದೆ. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದಿನ ಧಾಮವಾಯಿತು, ದೇಶದಲ್ಲೇ ಮೊದಲನೆಯದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹೊಕ್ಕು ದೇಶದ ತುಂಬ ರಣಹದ್ದು ಸತ್ತುಹೋದವು. 2006ರಲ್ಲಿ ಆ ಔಷಧಿ ನಿಂತಿತು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ಅದರ ಗೂಡಿನ ಬಂಡೆಗೆ ಹಗ್ಗ ಇಳಿಬಿಡುವವರಿಗೆ ನನ್ನ ಬೆಂಬಲವಿಲ್ಲ. ಯೊಸೆಮಿಟಿಯಲ್ಲೂ ಡೇಗೆ ಹಕ್ಕಿ ಗೂಡು ಕಟ್ಟುವ ತಿಂಗಳುಗಳಲ್ಲಿ ಆ ಬಂಡೆಗಳಿಗೆ ಬೀಗ. ಹತ್ತುವವರು ಗೊಣಗುತ್ತಾರೆ, ಆದರೆ ದೂರ ಇರುತ್ತಾರೆ. ಇಲ್ಲೂ ಹಾಗೇ ಆಗಬೇಕು. ಹತ್ತಲು ಬೇರೆ ಬಂಡೆ ಬೇಕಾದಷ್ಟಿದೆ.

ಆದರೂ ಒಂದು ಮಾತು ಒಪ್ಪಬೇಕು. ಭಾನುವಾರ ಬಂದು ಸಂಜೆ ಹೋಗುವ ಹುಡುಗರ ಪುಸ್ತಕದಲ್ಲಿ ನಮ್ಮ ಬಂಡೆಗಳ ಲೆಕ್ಕ ಇದೆ. ಇಲ್ಲೇ ಹುಟ್ಟಿ ಇಲ್ಲೇ ಬದುಕುವ ನಮ್ಮಲ್ಲಿ ಇಲ್ಲ. ಅವರು ಇಟ್ಟ ಹೆಸರೇ ಕೊನೆಗೆ ನಿಲ್ಲುವುದಾದರೆ ಅವರನ್ನು ಬೈಯುವ ಹಾಗಿಲ್ಲ.

ನಗರಸಭೆಯವರು ದಾರಿಗೊಂದು ಸ್ವಾಗತ ಕಮಾನು ನಿಲ್ಲಿಸುತ್ತಾರೆ. ಅದರ ಖರ್ಚಿನಲ್ಲಿ ನೂರು ಕಲ್ಲಿಗೆ ನೂರು ಬೋರ್ಡು ಬರೆಸಬಹುದು. ಬಂಡೆಯ ಮೈಮೇಲಲ್ಲ, ದಾರಿಯ ಪಕ್ಕದಲ್ಲಿ. ಕಂದಾಯದವರು 'ಖರಾಬು' ಎಂಬುದರ ಎದುರು ಊರವರು ಕರೆಯುವ ಹೆಸರಿಗೆ ಒಂದು ಕಾಲಂ ಬಿಟ್ಟರೆ ಸಾಕು. ಅವರು ಮಾಡುವವರೆಗೆ ನಾವೇ ಶುರುಮಾಡೋಣ. ನಿಮ್ಮ ಊರ ಹಿಂದಿನ ಬಂಡೆಯ ಹೆಸರು, ಊರು, ಹೇಳಿದವರು ಯಾರು, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ಹಾಕಿ. ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇನೆ. ಬರೆಯಲು ಬಾರದ ಹಿರಿಯರಿದ್ದರೆ ನಾನೇ ಬರುತ್ತೇನೆ.

ಟೀ ಅಂಗಡಿಯವರು ಮಂಗಳವಾರ ನನ್ನನ್ನು ಕಂಡು ಕೂಗಿದರು. "ಸಾರ್, ಆವತ್ತು ಆ ಹುಡುಗ ಕೇಳಿದ್ನಲ್ಲ ಬಂಡೆ, ನಮ್ಮಜ್ಜಿ ಅದಕ್ಕೆ ಏನೋ ಅಂತಿದ್ರು. ನಾಲಿಗೆ ಮೇಲೇ ಇದೆ, ಬರ್ತಾ ಇಲ್ಲ." ಅವರ ಅಕ್ಕನನ್ನು ಚನ್ನಪಟ್ಟಣಕ್ಕೆ ಕೊಟ್ಟಿದೆ. ಅವರಿಗೆ ನೆನಪಿರಬಹುದಂತೆ, ಫೋನು ಮಾಡಿ ಕೇಳ್ತೀನಿ ಅಂದಿದ್ದಾರೆ.