ತಕ್ಕಡಿ ಯಾರ ಕೈಯಲ್ಲಿದೆ?

ಸಂತೆಯ ದಿನ ಮೂಡಿಗೆರೆಯ ಪೇಟೆಬೀದಿಯಲ್ಲಿ ಒಂದು ಗಳಿಗೆ ನಿಂತು ನೋಡಿದರೆ ಈ ಮಲೆಸೀಮೆಯ ಬಾಳು ಏನೆಂಬುದು ತಿಳಿಯುತ್ತದೆ. ವಾರದ ಕೂಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತೋಟದ ಲೈನ್ ಮನೆಗಳಿಂದ ಬಂದ ಹೆಂಗಸರು ಅಂಗಡಿಯ ಮುಂದೆ ನಿಂತು, ಅಕ್ಕಿಗೆಷ್ಟು, ಎಣ್ಣೆಗೆಷ್ಟು, ಹಳೆಯ ಬಾಕಿಗೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಅವರ ಪಕ್ಕದಲ್ಲಿ ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದ ಹುಡುಗರು, ಕನ್ನಡದಲ್ಲಿ ಬೆಲೆ ಕೇಳಲು ಬಾರದೆ, ಬೆರಳು ತೋರಿಸಿ ವ್ಯಾಪಾರ ಮಾಡುತ್ತಾರೆ. ಹಿಂದೆ ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಬೆನ್ನು ಹಿಡಿದು ನಡೆದು ಬರುತ್ತಿದ್ದರು. ಈಗ ರೈಲು ಹತ್ತಿ ಬರುತ್ತಾರೆ. ಬರುವವರ ಊರು, ಭಾಷೆ ಬದಲಾಗಿದೆ. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ಪದ್ಧತಿ ಮಾತ್ರ ಇನ್ನೂ ಪೂರ್ತಿ ಸತ್ತಿಲ್ಲ.

2024–25ರಲ್ಲಿ ಕಾಫಿಯ ಧಾರಣೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಬೆಳೆಗಾರನ ಮುಖ ಅರಳಿತು, ವರ್ತಕನಿಗೂ ವಹಿವಾಟು ಹೆಚ್ಚಿತು. ಸಂತೋಷ. ಆದರೆ ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಕಳೆ ತೆಗೆದವಳ, ಚಳಿಯಲ್ಲಿ ಹಣ್ಣು ಕುಯ್ದವಳ ಸೆರಗಿನ ಗಂಟು ಅದೇ ಪ್ರಮಾಣದಲ್ಲಿ ದೊಡ್ಡದಾಯಿತೇ? ಈ ಪ್ರಶ್ನೆಯನ್ನು ತೋಟದ ಧಣಿಗೆ ಕೇಳುವುದು ಸುಲಭ. ಅದಕ್ಕೆ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳೋಣ: ಅವಳಿಗೆ ನಾವು ಏನಾಗಬೇಕು? ಅವಳ ವಿಷಯದಲ್ಲಿ ನಮ್ಮ ಕರ್ತವ್ಯವೇನು?

ನಮ್ಮ ಜನ ಕಲ್ಲೆದೆಯವರಲ್ಲ. 2019ರ ಆಗಸ್ಟಿನ ಮಳೆಯಲ್ಲಿ ಈ ತಾಲ್ಲೂಕಿನ ಹಲವೆಡೆ ಗುಡ್ಡ ಜರಿದು ಮನೆಗಳು ಹೋದಾಗ, ಅಕ್ಕಿ ಬಟ್ಟೆ ಹೊತ್ತುಕೊಂಡು ಹೋದವರಲ್ಲಿ ಸಣ್ಣಪುಟ್ಟ ಅಂಗಡಿಯವರೂ ಇದ್ದರು, ಕೂಲಿಯವರೂ ಇದ್ದರು. ಆದರೆ ಆಪತ್ತಿನಲ್ಲಿ ಕೊಡುವುದು ಬೇರೆ, ದಿನನಿತ್ಯ ನ್ಯಾಯವಾಗಿ ನಡೆಯುವುದು ಬೇರೆ. ಕೊಟ್ಟವನಿಗೆ ಹೆಸರು ಬರುತ್ತದೆ. ನ್ಯಾಯವಾಗಿ ನಡೆದವನನ್ನು ಯಾರೂ ಹಾಡಿ ಹೊಗಳುವುದಿಲ್ಲ. ಅದಕ್ಕೇ ಇರಬೇಕು, ಹಬ್ಬಕ್ಕೊಂದು ಹಳೆಯ ಸೀರೆ ಕೊಡುವ ಕೈ ವರ್ಷವಿಡೀ ಕೂಲಿಯಲ್ಲಿ ಹಿಡಿತ ಮಾಡುತ್ತದೆ. ಬಡವರಿಗೆ ಬೇಕಾದದ್ದು ಮೊದಲು ತಮಗೆ ಸಲ್ಲಬೇಕಾದದ್ದು. ದಾನದ ಮಾತು ಆಮೇಲೆ.

ಕಾಗೋಡನ್ನು ನೆನೆಯೋಣ. 1951ರಲ್ಲಿ ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಯಾವುದಕ್ಕಾಗಿ? ಗೇಣಿ ಅಳೆಯುವ ಕೊಳಗಕ್ಕಾಗಿ. ಧಣಿಯ ಕೊಳಗ ನ್ಯಾಯವಾದ ಅಳತೆಗಿಂತ ದೊಡ್ಡದಾಗಿತ್ತು. ಒಂದೊಂದು ಕೊಳಗದಲ್ಲಿ ಹೋಗುತ್ತಿದ್ದ ಹಿಡಿ ಬತ್ತವೇ ಒಂದು ಚಳವಳಿಯನ್ನು ಹುಟ್ಟಿಸಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಬಂಧನಕ್ಕೆ ಒಳಗಾದರು. ಲೋಹಿಯಾ ಅವರಿಗೆ ಕಾಗೋಡಿನಲ್ಲಿ ಗೇಣಿಯ ಗದ್ದೆ ಇರಲಿಲ್ಲ. ಅನ್ಯಾಯ ತನ್ನ ಮನೆಯ ಬಾಗಿಲಿಗೆ ಬಂದಾಗ ಮಾತ್ರ ಎದ್ದು ನಿಲ್ಲುವವನನ್ನು ಪ್ರಜೆ ಎನ್ನಬಹುದು, ಪೌರ ಎನ್ನಲಾಗದು.

ಕಾನೂನು ಇದೆಯಲ್ಲ, ನಾವೇಕೆ ತಲೆ ಹಾಕಬೇಕು ಎನ್ನುವವರಿದ್ದಾರೆ. ಕಾನೂನು ಇದೆ, ನಿಜ. 1951ರಲ್ಲೇ ತೋಟ ಕಾರ್ಮಿಕರ ಕಾಯಿದೆ ಬಂತು. ವಸತಿ, ಕುಡಿಯುವ ನೀರು, ವೈದ್ಯ ಸಹಾಯ, ಕೂಸುಗಳಿಗೆ ಶಿಶುಗೃಹ ಎಲ್ಲವೂ ಅದರಲ್ಲಿತ್ತು. ಆದರೆ ಮೊದಲಿಗೆ ಅದು 25 ಎಕರೆಗಿಂತ ಕಡಿಮೆಯ ತೋಟವನ್ನು ಮುಟ್ಟಲಿಲ್ಲ. 1981ರ ತಿದ್ದುಪಡಿಯ ಮೇಲೆ ಗೆರೆ 5 ಹೆಕ್ಟೇರಿಗೆ ಇಳಿಯಿತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯಿದೆ ಹೋಯಿತು. 5 ಹೆಕ್ಟೇರಿನ ಗೆರೆ ಹೋಗಲಿಲ್ಲ. ನಮ್ಮ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಸಣ್ಣ ತೋಟದಲ್ಲಿ ದುಡಿಯುವವಳ ಬೆನ್ನು ದೊಡ್ಡ ತೋಟದವಳಷ್ಟೇ ನೋಯುತ್ತದೆ. ಕಾಯಿದೆಯ ಆಸರೆ ಮಾತ್ರ ಬೇಲಿಯ ಆಚೆಗೇ ನಿಲ್ಲುತ್ತದೆ. ಅಲ್ಲಿ ಅವಳಿಗೆ ಇರುವುದು ನೆರೆಹೊರೆಯ ಕಣ್ಣು ಒಂದೇ.

ಕಾಯಿದೆ ತಲಪುವಲ್ಲಿಯೂ ಆ ಕಣ್ಣು ಬೇಕು. ಜೀತಪದ್ಧತಿ ರದ್ದಿಯಾತಿ ಕಾಯಿದೆ 1976ರದು. ಅದಕ್ಕೆ ಹೆಕ್ಟೇರಿನ ಲೆಕ್ಕವಿಲ್ಲ. ಮುಂಗಡ ತೀರುವವರೆಗೆ ತೋಟ ಬಿಟ್ಟು ಹೋಗಕೂಡದು ಎಂದು ಆಳನ್ನು ತಡೆದರೆ ಅದು ಜೀತ. ಆ ಸಾಲಕ್ಕೆ ಕಾನೂನಿನ ಬೆಲೆಯಿಲ್ಲ. ತಡೆದವನಿಗೆ 3 ವರ್ಷದವರೆಗೆ ಸಜೆ ಇದೆ. ಕ್ರಮ ಕೈಗೊಳ್ಳುವ ಹೊಣೆ ಜಿಲ್ಲಾಧಿಕಾರಿಯದು. ಹೀಗಿದ್ದೂ 2022ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ಒಂದು ತೋಟದಲ್ಲಿ ದಲಿತ ಕೂಲಿಕಾರರನ್ನು ಸಾಲದ ವಿಚಾರದಲ್ಲಿ ಕೂಡಿಹಾಕಲಾಯಿತೆಂಬ ದೂರಿನ ಮೇಲೆ ಬಾಳೆಹೊನ್ನೂರು ಪೊಲೀಸರು ಮೊಕದ್ದಮೆ ಹೂಡಬೇಕಾಯಿತು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ. ನಾವು ಕೇಳುವುದಿಷ್ಟೆ: ತೋಟದೊಳಗೆ ಹಾಗೇನಾದರೂ ನಡೆದರೆ ದಾರಿಯಲ್ಲಿ ಹಾದುಹೋಗುವವರಿಗೆ, ದಿನಸಿ ಹಾಕುವವರಿಗೆ, ಜೀಪು ಓಡಿಸುವವರಿಗೆ ಸುಳಿವು ಹತ್ತುವುದಿಲ್ಲವೇ? ಹತ್ತುತ್ತದೆ. ‘ದೊಡ್ಡವರ ಸಹವಾಸ ನಮಗೇಕೆ’ ಎಂದು ನಾವು ತಲೆ ತಗ್ಗಿಸಿ ನಡೆಯುತ್ತೇವೆ.

ಆದುದರಿಂದ ನಮ್ಮ ಓದುಗರಿಗೆ ಕೆಲವು ಮಾತು.

ವರ್ತಕ ಮಿತ್ರರೇ, ನಿಮ್ಮ ತಕ್ಕಡಿಗೆ ಇಲಾಖೆಯ ಮುದ್ರೆ ಬಿದ್ದಿದ್ದರೆ ಸಾಲದು. ತೂಕ ಕೊಳ್ಳುವವಳ ಕಣ್ಣಿಗೆ ಕಾಣುವಂತಿರಲಿ. ಓದು ಬಾರದವಳ ಬಾಕಿಯನ್ನು ಅವಳಿಗೆ ಓದಿ ಹೇಳಿ ಬರೆಯಿರಿ. ಭಾಷೆ ಬಾರದ ಹುಡುಗನಿಗೆ ಒಂದು ಬೆಲೆ, ಊರವನಿಗೆ ಒಂದು ಬೆಲೆ ಬೇಡ. ನಿಮ್ಮ ಲಾಭ ಚಿಕ್ಕದೆಂಬುದು ನಮಗೆ ಗೊತ್ತು. ಆದರೂ ಆ ಬೀದಿಯಲ್ಲಿ ಅವರ ಪಾಲಿಗೆ ತಕ್ಕಡಿ ಹಿಡಿದ ಧಣಿಗಳು ನೀವೇ.

ಕ್ಯೂರಿಂಗ್ ವರ್ಕ್ಸಿನ, ಮಿಲ್ಲುಗಳ ಸಂಗಾತಿಗಳೇ, ನಿಮ್ಮ ಭವಿಷ್ಯನಿಧಿ, ನಿಮ್ಮ ಬೋನಸ್ಸು ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ನಿಮ್ಮ ಹಿರಿಯರು ಸಂಘ ಕಟ್ಟಿ ಪಡೆದದ್ದು. ನೀವು ಆರಿಸಿ ಹಸನು ಮಾಡುವ ಬೀಜವನ್ನು ಗಿಡದಿಂದ ಕುಯ್ದವಳಿಗೆ ಅಂಥ ಸಂಘವಿಲ್ಲ. ಕನಿಷ್ಠ ಕೂಲಿ ಎಷ್ಟೆಂದು ಅವಳಿಗೆ ತಿಳಿಸಿ, ಹೆಣ್ಣಿಗೂ ಗಂಡಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬುದನ್ನು ತಿಳಿಸಿ, ಅರ್ಜಿ ಬರೆದುಕೊಡಿ, ಕಚೇರಿಯ ಮೆಟ್ಟಿಲು ಹತ್ತುವಾಗ ಜೊತೆಗೆ ಹೋಗಿ. ಒಬ್ಬಳೇ ಹೋದವಳನ್ನು ನಾಳೆ ಬಾ ಎನ್ನುವ ಗುಮಾಸ್ತೆ ನಾಲ್ಕು ಜನರನ್ನು ಕಂಡರೆ ಕುರ್ಚಿಯಿಂದ ಏಳುತ್ತಾನೆ.

ಇವೆಲ್ಲ ಸಣ್ಣ ಕೆಲಸಗಳು. ಸಮಾಜವಾದ ವಿಧಾನಸೌಧದಿಂದ ಇಳಿದು ಬರಲಿ ಎಂದು ಕಾಯುತ್ತ ಕೂತವರಿಗೆ ಇವು ತೀರ ಸಣ್ಣವಾಗಿ ಕಾಣಬಹುದು. ಕಾಗೋಡಿನ ಕೊಳಗದಲ್ಲಿ ಹೋಗುತ್ತಿದ್ದ ಹಿಡಿ ಬತ್ತವೂ ಸಣ್ಣದೇ ಆಗಿತ್ತು. ಮುಂದಿನ ಸಂತೆಗೆ ಆ ಹೆಂಗಸು ಮತ್ತೆ ಬರುತ್ತಾಳೆ, ಸೆರಗಿನ ಗಂಟು ಬಿಚ್ಚುತ್ತಾಳೆ. ಅವಳ ಮುಂದೆ ನಿಲ್ಲುವವರು ನಾವು.