ಕಲ್ಲಪ್ಪ ಕಳ್ಳಪ್ಪನಾದ ಕತೆ

ಹೋದ ತಿಂಗಳು ಒಂದು ಸಂಜೆ ಮೊಮ್ಮಗಳು ಸಾಲಿಯಿಂದ ಬಂದವಳೇ ಪಾಟಿಚೀಲವನ್ನು ಕಟ್ಟೆಯ ಮೇಲೆ ಒಗೆದು ನನ್ನ ಎದುರು ನಿಂತಳು. ಕಣ್ಣು ಕೆಂಪಗಿದ್ದವು.

"ಅಜ್ಜಾ, ನೀ ಖರೇನ ಏನರ ಕದ್ದೀ ಏನ?"

ಮಕ್ಕಳೇ, 68 ವರ್ಷ ಬಾಳಿದ ನನಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸಣ್ಣವನಿದ್ದಾಗ ಜಮಖಂಡಿಯಲ್ಲಿ ಯಾರದೋ ತೋಟದ ಪೇರಲಹಣ್ಣು ಹರಿದದ್ದು ನೆನಪಾಗಿ ಒಂದು ಗಳಿಗೆ ಎದೆ ಧಸಕ್ಕೆಂದಿತು. ಅದು ಇವಳಿಗೆ ಹೇಗೆ ತಿಳಿಯಿತು?

ಅವಳು ಚೀಲದಿಂದ ಒಂದು ಪ್ರಶಸ್ತಿಪತ್ರ ತೆಗೆದಳು. ಓಟದಲ್ಲಿ ಎರಡನೇ ಬಹುಮಾನ. ನಮ್ಮ ಕಡೆ ರೂಢಿಯಂತೆ ಅವಳ ಹೆಸರು, ಅವಳ ಅಪ್ಪನ ಹೆಸರು, ಅದರ ಮುಂದೆ ನನ್ನ ಹೆಸರು ಬರೆದಿತ್ತು. ನನ್ನ ಹೆಸರು ಕಲ್ಲಪ್ಪ. ಅಲ್ಲಿ ಅಚ್ಚಾಗಿದ್ದದ್ದು ಕಳ್ಳಪ್ಪ. ಅದನ್ನು ಮೈಕಿನಲ್ಲಿ ಹಾಗೇ ಓದಿದರಂತೆ. ಇಡೀ ಮೈದಾನ ನಕ್ಕಿತಂತೆ. ಆಮೇಲೆ ಊಟದ ಬಿಡುವಿನಲ್ಲಿ, ನೀರಿನ ನಳದ ಹತ್ತಿರ, ಮನೆಗೆ ಬರುವ ದಾರಿಯಲ್ಲಿ, ಎಲ್ಲ ಕಡೆ "ಕಳ್ಳಪ್ಪನ ಮೊಮ್ಮಗಳು ಬಂದ್ಳು, ಚೀಲ ಹಿಡ್ಕೋರಿ" ಅನ್ನುವುದು ನಡೆದಿತ್ತು.

"ನಾ ನಾಳಿಂದ ಸಾಲಿಗೆ ಹೋಗೂದಿಲ್ಲ" ಅಂದಳು.

ನನಗೆ ನಗು ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

ಈ ಳ ಎಲ್ಲಿಂದ ನುಸುಳಿತು ಎಂಬುದು ಆಮೇಲೆ ತಿಳಿಯಿತು. ಮಕ್ಕಳ ಹೆಸರಿನ ಪಟ್ಟಿ ಇಂಗ್ಲಿಷಿನಲ್ಲಿತ್ತು. ಕೆ, ಎ, ಎರಡು ಎಲ್, ಎ, ಎರಡು ಪಿ, ಎ. ಕಂಪ್ಯೂಟರಿಗೆ ಅದನ್ನು ಕನ್ನಡಕ್ಕೆ ತಿರುಗಿಸು ಅಂದರು, ಅದು ತಿರುಗಿಸಿತು. ಪಾಪ, ಅದರ ತಪ್ಪೇನು? ಇಂಗ್ಲಿಷಿಗೆ ಇರುವುದು ಒಂದೇ ಎಲ್. ಲ ಬೇರೆ, ಳ ಬೇರೆ ಎಂಬುದು ಆ ಅಕ್ಷರಕ್ಕೆ ಗೊತ್ತಿಲ್ಲ. ನಮಗಾದರೆ ಹಳ್ಳಿ ಹಲ್ಲಿಯಾದರೆ ಊರೇ ಗೋಡೆ ಹತ್ತುತ್ತದೆ. ಹುಳಿ ಹುಲಿಯಾದರೆ ಊಟಕ್ಕೆ ಕೂತವರು ಎದ್ದು ಓಡಬೇಕು. ಬೆಳೆಗೂ ಬೆಲೆಗೂ ಇರುವ ದೂರ ಎಷ್ಟೆಂದು ಮುಧೋಳ ಕಡೆಯ ಕಬ್ಬಿನ ರೈತರನ್ನು ಕೇಳಿ.

ರಾತ್ರಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದೊಡ್ಡವರ ತಪ್ಪಿನ ಕತೆ ಹೇಳಿದೆ. ಅವಳಿಗೆ ಸ್ಪೈಡರ್‌ಮ್ಯಾನ್ ಅಂದರೆ ಜೀವ. ಅವನ ನಿಜ ಹೆಸರು ಪೀಟರ್ ಪಾರ್ಕರ್ ಅಲ್ಲವೇ? 1963ರಲ್ಲಿ ಅವನ ಹೆಸರಿನದೇ ಪತ್ರಿಕೆ ಶುರುವಾದಾಗ, ಮೊದಲ ಸಂಚಿಕೆಯಲ್ಲೇ ಅವನನ್ನು ಪೀಟರ್ ಪಾಮರ್ ಎಂದು ಬರೆದುಬಿಟ್ಟಿದ್ದರು. ಬರೆದವರು ಬೇರೆ ಯಾರೂ ಅಲ್ಲ, ಅವನನ್ನು ಹುಟ್ಟಿಸಿದ ಸ್ಟ್ಯಾನ್ ಲೀ! ಪಾಮರ ಅಂದರೆ ನಮ್ಮಲ್ಲಿ ಏನೂ ತಿಳಿಯದವ ಎಂದು ಅರ್ಥ ಅಂದಾಗ ಹುಡುಗಿಯ ತುಟಿ ಸ್ವಲ್ಪ ಅರಳಿತು. ಮರುವರ್ಷ ಅದೇ ಮಹಾಶಯ ಹಸಿರು ದೈತ್ಯ ಹಲ್ಕ್‌ನ ಹೆಸರನ್ನೂ ಮರೆತ. ಬ್ರೂಸ್ ಬ್ಯಾನರ್ ಎನ್ನುವ ಬದಲು ಬಾಬ್ ಬ್ಯಾನರ್ ಎಂದ. ಓದುಗರು ಬಿಡುತ್ತಾರೆಯೇ? ಕಾಗದ ಬರೆದರು. ಆಗ ಅವನು ಹೂಡಿದ ಉಪಾಯ ನೋಡಿ: ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್, ರಾಬರ್ಟನನ್ನು ಬಾಬ್ ಅನ್ನುವುದು ರೂಢಿ ಎಂದು ಹೇಳಿ ಪಾರಾದ. ಇಂದಿಗೂ ಹಲ್ಕ್‌ನ ಪೂರ್ತಿ ಹೆಸರು ಅದೇ. ನಾಯಕರ ಹೆಸರೂ ಮನೆತನದ ಹೆಸರೂ ಒಂದೇ ಅಕ್ಷರದಿಂದ ಶುರುವಾಗುವಂತೆ ಇಡುತ್ತಿದ್ದುದೇ ತನ್ನ ಮರೆವಿನಿಂದ ಎಂದು ಆತ ಹೇಳಿಕೊಂಡಿದ್ದ. ಹಾಗಿಟ್ಟೂ ಮರೆತ.

"ಹಂಗಾರ ನೀನೂ ಏನರ ಉಪಾಯ ಮಾಡು" ಅಂದಳು. ಕಳ್ಳಪ್ಪನಿಗೆ ಏನು ಉಪಾಯ ಮಾಡುವುದು?

ನಮ್ಮ ಸುತ್ತಿನ ಊರುಗಳ ಹೆಸರೂ ಇಂಥ ಪಾಡು ಪಟ್ಟಿವೆ. ಮುಧೋಳ ರನ್ನನ ಊರು. ಬಳೆಗಾರರ ಮನೆಯಲ್ಲಿ ಹುಟ್ಟಿ, 993ರಲ್ಲಿ ಅಜಿತಪುರಾಣ ಮುಗಿಸಿದ ಕವಿ. ಅವನ ಕಾಲಕ್ಕೆ ಅದು ಮುದುವೊಳಲು, ಸಾದಾ ದ. ಈಗ ಧ. ಸಾವಿರ ವರ್ಷದ ದಾರಿಯಲ್ಲಿ ಯಾರು ಅದರ ಹೊಟ್ಟೆ ಸೀಳಿದರೋ! ಆ ಸೀಳು ಸಣ್ಣದಲ್ಲ ಮಕ್ಕಳೇ. ಧನಸಹಾಯ ಬೇಕು ಎಂದು ಅರ್ಜಿ ಬರೆಯುವಾಗ ಅದನ್ನು ಬಿಟ್ಟರೆ ಮನೆ ಮುಂದೆ ಎಮ್ಮೆ ಬಂದು ನಿಂತೀತು. ರನ್ನನ ಗದಾಯುದ್ಧದ ಭೀಮನಿಗೆ ಆ ಸೀಳು ತೆಗೆದರೆ ಬೀಮ. ಮನೆ ಕಟ್ಟುವ ಗೌಂಡಿ ಮಾತ್ರ ಗುರುತು ಹಿಡಿದಾನು.

ಬೀಳಗಿಯದು ಇನ್ನೊಂದು ತಕರಾರು. ನಮ್ಮ ಜಿಲ್ಲೆಯದು ಬೀಳಗಿ, ದೀರ್ಘ ಇದೆ. ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಲ್ಲಿ ಬಿಳಗಿ ಇದೆ, ಅದಕ್ಕೆ ದೀರ್ಘ ಇಲ್ಲ. ಒಂದು ಕಡೆ ಕಪ್ಪು ಮಣ್ಣು ಬಿಸಿಲು, ಇನ್ನೊಂದು ಕಡೆ ಅಡಿಕೆ ತೋಟ, ಮಳೆ. ನಡುವೆ ಇರುವುದು ಒಂದು ದೀರ್ಘ ಮಾತ್ರ. ಒಮ್ಮೆ ನಮ್ಮ ಬೀಗರಿಗೆ ಕಾಗದ ಬರೆಯುವಾಗ ನಾನೇ ದೀರ್ಘ ಮರೆತಿದ್ದೆ. ಪಿನ್‌ಕೋಡ್ ಬರೆದಿದ್ದರಿಂದ ಕಾಗದ ದಾರಿ ತಪ್ಪಲಿಲ್ಲ. ನಮ್ಮದು 587ರಿಂದ ಶುರು, ಅವರದು 581ರಿಂದ. ಹೆಸರು ಹೋಲುವ ಊರುಗಳ ಗೊಂದಲ, ಬೇರೆ ಬೇರೆ ಭಾಷೆಯ ವಿಳಾಸಗಳ ಗೊಂದಲ ತಪ್ಪಲೆಂದೇ 1972ರ ಆಗಸ್ಟ್ 15ರಂದು ಆ ಅಂಕಿಗಳನ್ನು ತಂದದ್ದು.

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರನ್ನು ಕನ್ನಡದ ಉಚ್ಚಾರಕ್ಕೆ ಸರಿಯಾಗಿ ತಿದ್ದಿದರು. ಬೆಳಗಾವಿ, ವಿಜಯಪುರ, ಹುಬ್ಬಳ್ಳಿ ಎಲ್ಲ ಆಗ ಸರಿಹೋದವು. ನಮ್ಮ ಜಿಲ್ಲೆಯ ಊರು ಅದರಲ್ಲಿ ಒಂದೂ ಇಲ್ಲ. ಜಮಖಂಡಿಯನ್ನೂ ರಬಕವಿಯನ್ನೂ ಇಂಗ್ಲಿಷಿನಲ್ಲಿ ಒಬ್ಬರು ಒಂದು 'ಎ' ಹೆಚ್ಚು ಹಾಕಿ ಬರೆದರೆ ಇನ್ನೊಬ್ಬರು ಕಡಿಮೆ ಹಾಕುತ್ತಾರೆ. ಬಸ್ಸು ಮಾತ್ರ ಹೇಗೆ ಬರೆದರೂ ತಡವಾಗಿಯೇ ಬರುತ್ತದೆ.

ಇಷ್ಟು ಹೇಳಿದರೂ ಮೊಮ್ಮಗಳಿಗೆ ಸಮಾಧಾನವಾಗಲಿಲ್ಲ. ಆಗ, ಯಾರಿಗೂ ಹೇಳದ ನನ್ನ ಸ್ವಂತ ಕಳವನ್ನು ಹೇಳಬೇಕಾಯಿತು.

ನಾನು ಏಳನೇ ಇಯತ್ತೆ ಮುಗಿಸಿದ ಬೇಸಿಗೆ. ನನ್ನ ಸೋದರಮಾವನದು ಪುಟ್ಟ ಅಚ್ಚುಕೂಟ, ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರ. ಲಗ್ನದ ಹಂಗಾಮು ಬಂದರೆ ಮಾವನಿಗೆ ಊಟಕ್ಕೂ ಪುರಸೊತ್ತಿಲ್ಲ. ಮೊಳೆ ಜೋಡಿಸಲು ನನ್ನನ್ನು ಕೂರಿಸಿದ. ಸೀಸದ ಅಕ್ಷರಗಳು ಕನ್ನಡಿಯೊಳಗಿನಂತೆ ತಿರುವುಮುರುವು. ಒಂದೊಂದನ್ನೇ ಆರಿಸಿ ಸಾಲು ಕಟ್ಟಬೇಕು. ಮುಧೋಳ, ಬೀಳಗಿ, ತೇರದಾಳ ಅನ್ನುತ್ತ ನಮ್ಮ ಕಡೆಯ ಪತ್ರಿಕೆಗಳಿಗೆ ಳ ಸಾಕಾಗುತ್ತಲೇ ಇರಲಿಲ್ಲ. ಮುಗಿದಾಗ ಲ ಹಾಕಿ ಮುಂದೆ ಹೋಗುತ್ತಿದ್ದೆ. ಅದನ್ನು ಜನ ಕ್ಷಮಿಸುತ್ತಿದ್ದರು. ವಧೂವರರನ್ನು 'ಹರಸಿ' ಎನ್ನುವಲ್ಲಿ 'ಅರಸಿ' ಎಂದು ಜೋಡಿಸಿ, ಬಂದವರೆಲ್ಲ ಮದುಮಕ್ಕಳನ್ನು ಹುಡುಕುವಂತೆ ಮಾಡಿದ್ದೂ ಉಂಟು. ಅದಕ್ಕೂ ನಕ್ಕರು.

ಆದರೆ ಬನಹಟ್ಟಿಯ ಒಬ್ಬ ನೇಕಾರರ ಮನೆಯ ಪತ್ರಿಕೆಯಲ್ಲಿ ನಾನು ಮಾಡಿದ್ದು ಬೇರೆ. ಹುಡುಗಿಯ ತಾಯಿಯ ತಂದೆ ತೀರಿಕೊಂಡಿದ್ದರು. ಅವರ ಹೆಸರಿನ ಹಿಂದೆ 'ದಿ.' ಎಂದು ಹಾಕಬೇಕಿತ್ತು. ಹಾಕಿದೆ. ಅದೇ ಕೈಯಲ್ಲಿ ಕೆಳಗಿನ ಸಾಲಿಗೂ ಹಾಕಿದೆ. ಆ ಸಾಲಿನಲ್ಲಿದ್ದದ್ದು ತಂದೆಯ ತಂದೆ. ಅವರು ಗಟ್ಟಿಮುಟ್ಟಾಗಿ ಮಗ್ಗದ ಮೇಲೆ ಕೂತು ಸೀರೆ ನೇಯುತ್ತಿದ್ದರು.

400 ಪತ್ರಿಕೆ ಅಚ್ಚಾದವು. ಅರ್ಧಕ್ಕರ್ಧ ಹಂಚಿಯೂ ಆಯಿತು. ತೇರದಾಳದ ಬೀಗರು ಅಳುತ್ತಲೇ ಬಸ್ಸಿನಿಂದ ಇಳಿದರಂತೆ. ಮಗ್ಗದ ಸದ್ದು ಕೇಳಿ ಬಾಗಿಲಲ್ಲೇ ನಿಂತರಂತೆ. ನಗುವ ಮಾತು ಅಂದುಕೊಳ್ಳಬೇಡಿ. ಆ ಅಜ್ಜನ ಮನೆಯಾಕೆ ಅಪಶಕುನವೆಂದು ಎರಡು ದಿನ ಒಲೆ ಹಚ್ಚಲಿಲ್ಲ, ಲಗ್ನವನ್ನೇ ಮುಂದೆ ಹಾಕಿರಿ ಎಂದು ಹಟ ಹಿಡಿದರು.

ಮೂರನೇ ದಿನ ಅಜ್ಜ ತಾವೇ ಅಚ್ಚುಕೂಟಕ್ಕೆ ಬಂದರು. ಮಾವ ನನ್ನನ್ನು ಮುಂದಕ್ಕೆ ನೂಕಿದ. ನನ್ನ ಕಾಲು ನಡುಗುತ್ತಿದ್ದವು. ಅವರು ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು, "ತಮ್ಮಾ, ನನ್ನ ದಿನಾ ಯಾವಾಗ ಮಾಡಿದ್ರೆಪಾ? ನನಗ ಊಟಕ್ಕ ಹೇಳಲೇ ಇಲ್ಲ" ಅಂದರು. ನಾನು ಅತ್ತುಬಿಟ್ಟೆ.

ಉಳಿದ ಪತ್ರಿಕೆಗಳಲ್ಲಿ ನಾನು ಒಂದೊಂದಾಗಿ ಬ್ಲೇಡಿನಿಂದ 'ದಿ.' ಕೆರೆದು, ಕಪ್ಪು ಶಾಯಿಯಲ್ಲಿ 'ಶ್ರೀ' ಬರೆದೆ. ಅಜ್ಜ ಸಂಜೆಯತನಕ ಪಕ್ಕದಲ್ಲೇ ಕೂತಿದ್ದರು. ಹಂಚಿದ ಮನೆಗಳಿಗೆ ಮಾವ ನನ್ನನ್ನೇ ಸೈಕಲ್ ಮೇಲೆ ಕಳಿಸಿದ. ಪ್ರತಿ ಬಾಗಿಲಲ್ಲೂ "ಅಜ್ಜಾರು ಅದಾರ್ರೀ, ತಪ್ಪು ನಂದು" ಅನ್ನಬೇಕಾಯಿತು. ಲಗ್ನ ಹೇಳಿದ ದಿನವೇ ನಡೆಯಿತು. ಹೊರಡುವಾಗ ಅಜ್ಜ ತಿದ್ದದ ಒಂದು ಪತ್ರಿಕೆ ಎತ್ತಿ ಕಿಸೆಯಲ್ಲಿಟ್ಟುಕೊಂಡು, "ಇದ ಇರಲಿ, ಮುಂದ ಒಂದಿನ ಸರಿ ಆಗತೈತಿ" ಅಂದಿದ್ದರು.

ಮುದ್ರಣದ ತಪ್ಪಿಗೆ ನಮ್ಮಲ್ಲಿ ಮುದ್ರಾರಾಕ್ಷಸ ಎಂದು ಹೆಸರು. ಅದು ವಿಶಾಖದತ್ತನ ಸಂಸ್ಕೃತ ನಾಟಕದ ಹೆಸರು. ಅಲ್ಲಿ ರಾಕ್ಷಸ ಅನ್ನುವುದು ಒಬ್ಬ ಮಂತ್ರಿಯ ಹೆಸರು, ಮುದ್ರೆ ಅಂದರೆ ಅವನ ಮುದ್ರೆಯುಂಗುರ. ಆ ಬೇಸಿಗೆ ರಾಕ್ಷಸನಾಗಿದ್ದವನು ಮಾತ್ರ ನಾನೇ.

ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದಳು. "ಆ ಅಜ್ಜ ನಿನಗ ಹೊಡೀಲಿಲ್ಲ?" ಅಂದಳು. ಇಲ್ಲ ಅಂದೆ. "ಹಂಗಾರ ನಾಳೆ ಇಬ್ಬರೂ ಸಾಲಿಗೆ ಹೋಗೋಣು."

ಹೋದೆವು. ಅಲ್ಲಿಯ ಅಕ್ಕಾವರಿಗೆ ಬಹಳ ನಾಚಿಕೆಯಾಗಿತ್ತು. ಒಬ್ಬರೇ ರಾತ್ರಿ ಕೂತು ಎಲ್ಲ ಮಕ್ಕಳ ಪತ್ರ ಮಾಡಿದ್ದರಂತೆ. ಹೊಸ ಪತ್ರ ಅಚ್ಚು ಹಾಕುವ ಮೊದಲು ಮೊಮ್ಮಗಳೇ ಕಂಪ್ಯೂಟರಿನ ಮುಂದೆ ಕೂತು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಜಮಖಂಡಿಯ ಖ ಬರೇ ಕ ಆಗಿದ್ದನ್ನೂ ಹಿಡಿದಳು. ಬಂದ ಕೆಲಸದ ಜೊತೆಗೆ ಹಾಜರಿ ಪುಸ್ತಕದಲ್ಲಿಯ ಹೆಸರನ್ನೂ ನೋಡಿಸಿದೆ. ಹತ್ತನೆಯ ಇಯತ್ತೆಯ ಅಂಕಪಟ್ಟಿ ಬರುವ ಮೊದಲೇ ತಿದ್ದಿಸಿದರೆ ಮುಂದಿನ ಓಡಾಟ ಉಳಿಯುತ್ತದೆ. ಅಜ್ಜ-ಅಜ್ಜಿಯರೇ, ನಿಮ್ಮ ಮೊಮ್ಮಕ್ಕಳದನ್ನೂ ಒಮ್ಮೆ ನೋಡಿ.

ಹಳೆಯ ಪತ್ರವನ್ನು ಹರಿದು ಒಗೆಯಲು ಹೊರಟೆ. ಹುಡುಗಿ ಬಿಡಲಿಲ್ಲ. ಅದು ಈಗ ಅವಳ ಪೆಟ್ಟಿಗೆಯಲ್ಲಿದೆ. ನಿಮ್ಮ ಮನೆಯಲ್ಲೂ ಇಂಥ ಪತ್ರಿಕೆ, ಬೋರ್ಡು, ಹೆಸರು ಇದ್ದರೆ ನನಗೆ ಬರೆಯಿರಿ. ಲಕೋಟೆಯ ಮೇಲೆ ಮಾತ್ರ ದಯವಿಟ್ಟು ಲಕ್ಕೆ ಲ ಒತ್ತು ಕೊಡಿ. ನಮ್ಮ ಅಂಚೆಯಣ್ಣ ಓಣಿಯ ಎಲ್ಲರಿಗೂ ಕೇಳುವಂತೆ ಕೂಗಿ ಕೊಡುತ್ತಾನೆ.