ಬೇಲಿಯ ಕಂಡಿಯನ್ನು ಕಂಡ ದಿನವೇ ಮುಚ್ಚಬೇಕು

ಹಿಂದೆ ಗ್ರಾಮ ಲೆಕ್ಕಿಗರ ದಫ್ತರದಲ್ಲಿದ್ದ ಪಹಣಿ ಈಗ ಗಣಕಯಂತ್ರದಲ್ಲಿದೆ. ಕೃಷಿ ಪತ್ತಿನ ಸಹಕಾರ ಸಂಘಗಳ ಸಾಲದ ಲೆಕ್ಕವೂ ಅಲ್ಲಿಗೇ ಹೋಗುತ್ತಿದೆ. ಗಂಗಾವತಿಯ ಭತ್ತವಿರಲಿ, ಕುಷ್ಟಗಿಯ ದಾಳಿಂಬೆಯಿರಲಿ, ಮಾರಿದ ಹಣ ಬಂದುದನ್ನು ರೈತನು ಮೊಬೈಲಿನಲ್ಲಿಯೇ ನೋಡುತ್ತಾನೆ. ಹೀಗಿರುವಾಗ ಈ ಯಂತ್ರಗಳ ಭದ್ರತೆ ಪಟ್ಟಣದವರ ಚಿಂತೆ ಎಂದು ಸುಮ್ಮನಿರುವುದು ಸರಿಯಲ್ಲ.

'ಅಪ್‌ಡೇಟ್ ಮಾಡಿ' ಎಂಬ ಸೂಚನೆ ಬಂದಾಗ 'ನಾಳೆ ನೋಡೋಣ' ಎನ್ನುವುದು ರೂಢಿಯಾಗಿದೆ. ತಂತ್ರಾಂಶವನ್ನು ಬರೆಯುವವರು ಮನುಷ್ಯರೇ ಆದುದರಿಂದ ಅದರಲ್ಲಿ ದೋಷಗಳು ಉಳಿಯುವುದು ಸಹಜ. ದೋಷ ಕಂಡಾಗ ತಯಾರಕರು ತಿದ್ದುಪಡಿಯನ್ನು ಕಳುಹಿಸುತ್ತಾರೆ. ಆದರೆ ತಿದ್ದುಪಡಿ ಪ್ರಕಟವಾದೊಡನೆ ಕಂಡಿ ಎಲ್ಲಿದೆಯೆಂಬುದು ಕಳ್ಳರಿಗೂ ತಿಳಿಯುತ್ತದೆ. ಅಲ್ಲಿಂದಾಚೆಗೆ ತಡಮಾಡಿದ ಒಂದೊಂದು ದಿನವೂ ಅಪಾಯದ್ದೇ.

2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಇವುಗಳಲ್ಲಿ ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಅವುಗಳಿಗೆ ತಂತ್ರಾಂಶ ಸೇವೆ ಒದಗಿಸುವ ಸಂಸ್ಥೆಯ ಮೇಲೆ ದಾಳಿ ನಡೆದಿತ್ತು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ಪರಿಶೀಲನೆಯಂತೆ, ಕಳ್ಳರು ಒಳನುಗ್ಗಿದ ದೋಷಕ್ಕೆ ಆ ವರ್ಷದ ಜನವರಿಯಲ್ಲಿಯೇ ತಿದ್ದುಪಡಿ ಬಂದಿತ್ತು. ಮದ್ದು ಸಿದ್ಧವಿದ್ದೂ ರೋಗ ತಗುಲಿತು. ಬಿತ್ತನೆ, ನಾಟಿಯ ದಿನಗಳಲ್ಲಿ ಹಣ ನಿಂತರೆ ಆಗುವ ತೊಂದರೆ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಅದಾದ ಹತ್ತು ದಿನಗಳಲ್ಲಿ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಸರಪಳಿಯ ಬೆಲೆ ಎಷ್ಟು, ನದಿಗೆ ಹರಿದ ನೀರಿನ ಬೆಲೆ ಎಷ್ಟು? ದುರಸ್ತಿಯ ಖರ್ಚು ಯಾವಾಗಲೂ ಹಾನಿಗಿಂತ ಕಡಿಮೆ ಎಂಬ ಮಾತು ಗಣಕಯಂತ್ರಕ್ಕೂ ಅನ್ವಯಿಸುತ್ತದೆ.

ಇಂಟರ್‌ನೆಟ್ ಖರ್ಚಾಗುತ್ತದೆ, ಕೆಲಸ ನಿಲ್ಲುತ್ತದೆ ಎಂಬ ಆಕ್ಷೇಪಣೆ ಸುಳ್ಳಲ್ಲ. ಆದರೆ ಫೋನನ್ನು ರಾತ್ರಿ ಚಾರ್ಜಿಗೆ ಇಟ್ಟು ಈ ಕೆಲಸ ಮುಗಿಸಬಹುದು. ಸಂಘಗಳು ಮೊದಲು ಲೆಕ್ಕದ ಪ್ರತಿಯೊಂದನ್ನು ಬೇರೆಡೆ ತೆಗೆದಿಟ್ಟು, ವಹಿವಾಟು ಮುಗಿದ ನಂತರ ಅಪ್‌ಡೇಟ್ ಮಾಡಬಹುದು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ಆಡಳಿತ ಮಂಡಳಿಗಳು ಗಮನಿಸತಕ್ಕದ್ದು.

ಇನ್ನೊಂದು ಎಚ್ಚರಿಕೆ. ವಾಟ್ಸಾಪಿನಲ್ಲಿ 'ಪಿ.ಎಂ. ಕಿಸಾನ್' ಹೆಸರಿನಲ್ಲಿ ಬರುವ ಎಪಿಕೆ ಕಡತವು ಅಪ್‌ಡೇಟ್ ಅಲ್ಲ, ಬಲೆ. ನಿಜವಾದ ತಿದ್ದುಪಡಿಯನ್ನು ಫೋನಿನ ಸೆಟ್ಟಿಂಗ್ಸ್‌ನಿಂದ ಇಲ್ಲವೆ ಪ್ಲೇ ಸ್ಟೋರ್‌ನಿಂದ ಮಾತ್ರ ಪಡೆಯಬೇಕು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು.

ಕೊಪ್ಪಳ, ಯಲಬುರ್ಗಾ ಭಾಗದ ರೈತ ಬಾಂಧವರು ಸಂಘದ ಮಹಾಸಭೆಯಲ್ಲಿ ಲಾಭಾಂಶದ ಬಗ್ಗೆ ತಪ್ಪದೆ ಕೇಳುತ್ತಾರೆ. ಇನ್ನು ಮುಂದೆ 'ನಮ್ಮ ಸಂಘದ ಗಣಕಯಂತ್ರಕ್ಕೆ ಕೊನೆಯ ತಿದ್ದುಪಡಿ ಹಾಕಿದ್ದು ಯಾವಾಗ?' ಎಂದೂ ಕೇಳಬೇಕು. ಅಲ್ಲಿರುವುದು ಅವರದೇ ಲೆಕ್ಕ.